ಬಟ್ಟಿಕಲೋವಾದ ಪಿಟೀಲು, ಮಸ್ಕತ್ತಿನ ಊಟ

ವಿಮಾನ ತಪ್ಪಿಹೋಗಬಹುದಿತ್ತು. ವಿಮಾನ ಸರಿಯಾಗಿ ಬಂದು, ಪಿಟೀಲು ಮಾತ್ರ ಬೇರೆ ಯಾವುದೋ ದೇಶದಲ್ಲಿ ಇಳಿಯಬಹುದಿತ್ತು. ಮಸ್ಕತ್ತಿನ ಸೀಬ್ ವಿಮಾನ ನಿಲ್ದಾಣದ ಕಸ್ಟಮ್ಸಿನವನು ಪೆಟ್ಟಿಗೆ ಬಿಚ್ಚಿಸಿ, ಪಿಟೀಲನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೇನಿದೆ ನೋಡೋಣವೆಂದು ಹಲಗೆ ಕೀಳಿಸಬಹುದಿತ್ತು. ಯುದ್ಧದ ಊರಿನಿಂದ ಬಂದವರೆಂದು ಪಿಟೀಲಿನ ಮುದುಕನನ್ನು, ಮದುಮಗನ ಅಪ್ಪನನ್ನು, ಅಲ್ಲಿಂದಲೇ ತಿರುಗಿ ಕಳಿಸಬಹುದಿತ್ತು. ಮದುಮಗನ ಜ್ಞಾನಸ್ನಾನದ ಸರ್ಟಿಫಿಕೇಟು ಬರದೆ ಪಾದ್ರಿಗಳು ‘ಮುಂದಿನ ತಿಂಗಳು ನೋಡುವ’ ಅನ್ನಬಹುದಿತ್ತು. ಊರಿನಿಂದ ಬಂದ ಅಮ್ಮ ಬೀಗರ ಎದುರಿಗೇ ಜಾತಿಯ ಮಾತೆತ್ತಬಹುದಿತ್ತು. ಅಮ್ಮ ಎತ್ತದಿದ್ದರೆ ಚಿಕ್ಕಪ್ಪ ಎತ್ತಬಹುದಿತ್ತು. ಅವರಿಗೆ ಎರಡು ಪೆಗ್ ಸಾಕು. ಕೇಕು ಕಾರಿನ ಡಿಕ್ಕಿಯಲ್ಲಿ ಕರಗಬಹುದಿತ್ತು. ಔತಣದ ಹಾಲ್‌ನ ಎಸಿ ಕೆಡಬಹುದಿತ್ತು. ಕೆಟ್ಟರೆ ಅದನ್ನು ರಿಪೇರಿ ಮಾಡಬಲ್ಲ ಒಬ್ಬನೇ ಒಬ್ಬ ಮನುಷ್ಯ ಕೋಟು ಹಾಕಿಕೊಂಡು ಮದುಮಗನಾಗಿ ನಿಂತಿರುತ್ತಿದ್ದ. ಕುಣಿಯುವಾಗ ನನ್ನ ಮಂಡಿ ಹಿಡಿದುಕೊಳ್ಳಬಹುದಿತ್ತು. ನನ್ನ ಪ್ಯಾಂಟಿನ ಹೊಲಿಗೆ ಬಿಡಬಹುದಿತ್ತು. ಮಂಡಿ ಮತ್ತು ಪ್ಯಾಂಟು ಎರಡೂ ಒಟ್ಟಿಗೆ ಕೈಕೊಡುವುದನ್ನೂ ನಾನು ಯೋಚಿಸಿಟ್ಟಿದ್ದೆ.

ಇವು ಈಗ ನೆನಪಿಗೆ ಬಂದ ಚಿಂತೆಗಳು ಮಾತ್ರ. ನನ್ನದು ಅಂಥ ಸ್ವಭಾವ. ಅಲ್ ಹೈಲ್‌ನಲ್ಲಿ ಗೆಳೆಯರ ಮನೆಯ ಬಾಗಿಲು ತಟ್ಟುವ ಹೊತ್ತಿಗೆ, ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಯೋಚನೆ ಬಂದು, ತಟ್ಟಿದ ಬಾಗಿಲು ತೆರೆಯುವ ಮೊದಲೇ ಕಾರಿಗೆ ವಾಪಸಾದವನು ನಾನು. ಗ್ಯಾಸ್ ಯಾವಾಗಲೂ ಬಂದ್ ಆಗಿಯೇ ಇರುತ್ತಿತ್ತು. ನನ್ನ ಹೆಂಡತಿ ಹೇಳುವುದಿತ್ತು: “ಕಾರಿಗೆ ಒಂದು ಸ್ಟೆಪ್ನಿ ಸಾಕು. ನಿಮ್ಮ ತಲೆಗೆ ನಾಲ್ಕು ಬೇಕು.”

ತೊಂಬತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು. ನನಗೆ ನಲವತ್ತು. ಮಸ್ಕತ್ತಿನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಸೀಬಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದ ನನ್ನ ತಂಗಿ ನಮ್ಮ ಜೊತೆಗೇ ಇದ್ದಳು. ನಾವು ಮಂಗಳೂರಿನ ಕೊಂಕಣಿ ಕ್ರೈಸ್ತರು. ಅಂದರೆ ಪೋರ್ಚುಗೀಸರ ಹೆಸರು, ಪೋರ್ಚುಗೀಸರ ಕೇಕು, ಪೋರ್ಚುಗೀಸರು ಕಲಿಸಿದ ಪಿಟೀಲು, ಇಷ್ಟೆಲ್ಲ ಇಟ್ಟುಕೊಂಡೂ ‘ನಾವು ಮೂಲತಃ ಯಾರು ಗೊತ್ತುಂಟಾ’ ಎಂದು ಮದುವೆಯ ಮಾತುಕತೆಯಲ್ಲಿ ದನಿ ತಗ್ಗಿಸಿ ಹೇಳುವವರು.

ತಂಗಿ ಮೆಚ್ಚಿದ ಹುಡುಗ ಶ್ರೀಲಂಕಾದ ಬಟ್ಟಿಕಲೋವಾದವನು. ವಾರವೆಲ್ಲ ಎಸಿ ಮೆಕ್ಯಾನಿಕ್. ಶುಕ್ರವಾರ ನಮ್ಮವರ ಮದುವೆ, ಬರ್ತ್‌ಡೇಗಳಲ್ಲಿ ಬ್ಯಾಂಡಿನ ಗಿಟಾರ್. ಅವನ ಜನಕ್ಕೆ ಅಲ್ಲಿ ಬರ್ಗರ್ ಅನ್ನುತ್ತಾರೆ. ಯಾವ ಕಾಲದಲ್ಲೋ ಆ ದ್ವೀಪಕ್ಕೆ ಬಂದ ಪೋರ್ಚುಗೀಸ್ ಸಿಪಾಯಿಗಳು ಅಲ್ಲಿಯ ಹೆಂಗಸರನ್ನು ಮದುವೆಯಾಗಿ ಹುಟ್ಟಿದ ಸಂತಾನ. ಮನೆಯೊಳಗೆ ಮುರುಕು ಪೋರ್ಚುಗೀಸ್, ಬೀದಿಯಲ್ಲಿ ತಮಿಳು. ಕೈಯಲ್ಲಿ ಬಡಗಿಯ ಕೆಲಸ, ಕಮ್ಮಾರಿಕೆ. ಭುಜದ ಮೇಲೆ ಪಿಟೀಲು.

ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ವಿಷಯ ತಿಳಿಸಿದೆ.

“ಅವರು ಯಾರು ಪುತಾ? ಪೋರ್ಚುಗೀಸರಾ, ತಮಿಳರಾ, ಸಿಂಹಳದವರಾ?”

“ಎಲ್ಲ ಸ್ವಲ್ಪ ಸ್ವಲ್ಪ, ಅಮ್ಮ.”

“ಹಾಗಾದರೆ ಏನೂ ಅಲ್ಲ.”

“ಅವರ ಮನೆಹೆಸರೂ ನಮ್ಮದೂ ಒಂದೇ.”

“ಒಂದೇ ಆದರೆ ಎಂತಾಯ್ತು? ನಮಗೆ ಅದು ಪಾದ್ರಿ ಕೊಟ್ಟದ್ದು. ಅವರಿಗೆ ಅಪ್ಪ ಕೊಟ್ಟದ್ದು.”

ಹೆಸರು ಅಪ್ಪನಿಂದ ಬರುವುದು ಮರ್ಯಾದೆಗೇಡು, ಪಾದ್ರಿಯಿಂದ ಬರುವುದು ಕುಲೀನತೆ ಎಂಬುದು ಅಮ್ಮನ ತರ್ಕ. ಮುಂದೆ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಟ್ಟಾಗ ರೂವಿಯ ಪ್ರೆಸ್ಸಿನ ಮಲಯಾಳಿ ಫೋನ್ ಮಾಡಿದ. “ಸಾರ್, ಪ್ರೂಫ್ ತಪ್ಪಿದೆ. ಎರಡೂ ಕಡೆ ಒಂದೇ ಹೆಸರು ಬಂದಿದೆ.” ತಪ್ಪಿಲ್ಲ ಮಾರಾಯ, ಹಾಗೆಯೇ ಇರಲಿ ಅಂದೆ. ಆತ “ಫ್ಯಾಮಿಲಿಯೊಳಗೇ ಅಲ್ವಾ, ಒಳ್ಳೇದು” ಅಂದ.

ಹುಡುಗ ವರದಕ್ಷಿಣೆ ಕೇಳಲಿಲ್ಲ, ಬಂಗಾರ ಕೇಳಲಿಲ್ಲ. ನನ್ನನ್ನು ತನ್ನೂರಿನ ರೀತಿಯಲ್ಲಿ ಮಚಾನ್, ಅಂದರೆ ಭಾವ, ಅನ್ನುತ್ತಿದ್ದ. ಒಂದು ದಿನ ನಮ್ಮ ಮನೆಯ ಎಸಿಯ ಫಿಲ್ಟರ್ ತೊಳೆಯುತ್ತ ಹೇಳಿದ: “ಮಚಾನ್, ಒಂದೇ ಒಂದು ಬೇಕು. ಫಸ್ಟ್ ಡ್ಯಾನ್ಸ್ ನಮ್ಮ ಡ್ಯಾಡಿ ನುಡಿಸಬೇಕು. ಪೂರ್ತಿ.”

ಆ ‘ಪೂರ್ತಿ’ಯ ಹಿಂದೆ ಒಂದು ಕಥೆಯಿತ್ತು. ಅವನ ಅಪ್ಪ ಬಟ್ಟಿಕಲೋವಾದ ಬರ್ಗರ್ ಮದುವೆಗಳಲ್ಲೆಲ್ಲ ಪಿಟೀಲು ನುಡಿಸಿದವರು. ಆದರೆ ಅವರ ಸ್ವಂತ ಮಗಳ ಮದುವೆ ಬಂದಾಗ ಊರಲ್ಲಿ ಕರ್ಫ್ಯೂ. ಪಾದ್ರಿ ತನ್ನ ಕೋಣೆಯಲ್ಲೇ ಬೆಳಿಗ್ಗೆ ಅವಸರದಲ್ಲಿ ಮದುವೆ ಮುಗಿಸಿದರು. ಸದ್ದು ಮಾಡಬೇಡಿ ಅಂದರು. ಪಿಟೀಲು ಪೆಟ್ಟಿಗೆಯಲ್ಲೇ ಇತ್ತು. ಆಮೇಲೆ ಹೆಂಡತಿ ತೀರಿಕೊಂಡರು, ಜೊತೆಯ ವಾದ್ಯದವರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಇವನು ಕೊನೆಯ ಮಗ. ಇನ್ನೊಂದು ಮದುವೆ ಆ ಮನೆಯಲ್ಲಿ ಇಲ್ಲ.

ನುಡಿಸಬೇಕಾದದ್ದಕ್ಕೆ, ಬರ್ಗರ್ ಮದುವೆಯ ಆ ಕುಣಿತಕ್ಕೆ, ಕಾಫ್ರಿನ್ಯ ಎಂದು ಹೆಸರು. ನಾನು ಬೈಲಾ ಎಂದುಕೊಂಡಿದ್ದೆ. ಮಂಗಳೂರಿನ ಕಡೆಯವರಿಗೆ ಬೈಲಾ ಯಾರೂ ಹೇಳಿಕೊಡಬೇಕಾಗಿಲ್ಲ. ಲಂಕೆಯ ಈ ಕುಣಿತದ ಹಾಡು ರೇಡಿಯೊದಿಂದಲೋ ಕ್ಯಾಸೆಟ್ಟಿನಿಂದಲೋ ಸಮುದ್ರ ದಾಟಿ ಬಂದು, ಕೊಂಕಣಿ ಮಾತು ತೊಟ್ಟುಕೊಂಡು, ನಮ್ಮ ಮದುವೆಗಳಲ್ಲಿ ಕುಳಿತುಬಿಟ್ಟಿದೆ. ಮಸ್ಕತ್ತಿನಲ್ಲಿ ಅದಕ್ಕೊಂದು ನಿಗದಿಯಾದ ಜಾಗವೂ ಇತ್ತು. ಬ್ಯಾಂಡಿನವರು ವಾಲ್ಟ್ಸ್, ಟ್ವಿಸ್ಟ್ ಎಲ್ಲ ಮುಗಿಸಿ, ತಮಗೂ ಹಸಿವಾದಾಗ, ಬೈಲಾ ಎತ್ತಿಕೊಳ್ಳುತ್ತಿದ್ದರು. ಎಲ್ಲರೂ ಒಮ್ಮೆ ಎದ್ದು ಬೆವರಿಳಿಯುವಂತೆ ಕುಣಿದು, ಹಾಗೆಯೇ ಸಾಲಾಗಿ ಊಟದ ಮೇಜಿನ ಕಡೆ ಸಾಗುತ್ತಿದ್ದರು. ಕುಣಿಯದವರು ಮೊದಲೇ ಹೋಗಿ ತಟ್ಟೆ ಹಿಡಿಯುತ್ತಿದ್ದರು. ನನ್ನ ಮಕ್ಕಳು ಚಿಕ್ಕವರಿದ್ದಾಗ, ಕಾರಿನ ಟೇಪಿನಲ್ಲಿ ಬೈಲಾ ಬಂದರೆ ಸಾಕು, “ಪಪ್ಪಾ, ಬಿರಿಯಾನಿ?” ಎಂದು ಕೇಳುತ್ತಿದ್ದವು.

ಇದರಲ್ಲಿ ನನಗೆ ಆಗ ನಗು ಮಾತ್ರ ಕಂಡಿತ್ತು. ನೂರು ಚಿಂತೆ ಮಾಡಿದವನಿಗೆ ಈ ಒಂದು ಹೊಳೆಯಲಿಲ್ಲ.

ಮುದುಕನಿಗೆ ವಿಸಿಟ್ ವೀಸಾ ಆಗಬೇಕಿತ್ತು. ನನ್ನ ಕಫೀಲ್, ಅಂದರೆ ನಮ್ಮ ಕಂಪನಿಯ ಒಮಾನಿ ಮಾಲೀಕರು, ಜಂಜಿಬಾರ್‌ನಲ್ಲಿ ಹುಟ್ಟಿ ದೊಡ್ಡವರಾದವರು. ಮನೆಯಲ್ಲಿ ಸ್ವಾಹಿಲಿ, ಆಫೀಸಿನಲ್ಲಿ ಅರಬ್ಬಿ, ನಮ್ಮೊಡನೆ ಹಿಂದಿ. ನಾನು ಅವರ ಎದುರು ನಿಂತು, ಬರ್ಗರ್ ಅಂದರೆ ಯಾರು, ನಾವು ಭಾರತೀಯರು ಅವರು ಲಂಕೆಯವರು ಆದರೂ ಹೆಸರು ಹೇಗೆ ಒಂದೇ ಎಂದು ವಾಸ್ಕೋ ಡ ಗಾಮನಿಂದ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

“ನನ್ನ ಅಜ್ಜ ಇಲ್ಲಿಯೇ ಒಮಾನಿನ ನಿಜ್ವಾದವರು. ಅಜ್ಜಿ ಆಫ್ರಿಕಾದವಳು. ಅತ್ತೆಯೊಬ್ಬಳ ಗಂಡ ಕಚ್ಛದವನು. ನಮ್ಮ ಮನೆಯಲ್ಲಿ ಮದುವೆಯಾದರೆ ನಾಲ್ಕು ತರಹದ ಡೋಲು. ನೀವು ಹಿಂದೂಸ್ತಾನಿಗಳು ಯಾಕೆ ಇಷ್ಟು ಲೆಕ್ಕ ಹಾಕ್ತೀರಿ?”

“ಲೆಕ್ಕ ಹಾಕಲಿಕ್ಕೇ ಅಲ್ಲವಾ ಸಾಹೇಬರೇ ನನಗೆ ಸಂಬಳ.”

ಅವರು ನಕ್ಕು ಸಹಿ ಹಾಕಿದರು. ಮದುವೆಗೆ ತಾವೂ ಬರುವುದಾಗಿ ಹೇಳಿದರು. ಅದೊಂದು ಹೊಸ ಚಿಂತೆಯಾಯಿತು.

ಜ್ಞಾನಸ್ನಾನದ ಸರ್ಟಿಫಿಕೇಟು ಯಾರದ್ದೋ ಕೈಯಲ್ಲಿ ಕೊಲಂಬೊ ತಲುಪಿ, ಅಲ್ಲಿಂದ ಇನ್ಯಾರದ್ದೋ ಸೂಟ್‌ಕೇಸಿನಲ್ಲಿ ಮಸ್ಕತ್ತಿಗೆ ಬಂತು. ಮುದುಕ ಅದರ ಹಿಂದೆಯೇ ಬಂದರು. ಕಸ್ಟಮ್ಸಿನ ಹುಡುಗ ಪಿಟೀಲಿನ ಪೆಟ್ಟಿಗೆ ತೆರೆಸಿದ್ದು ನಿಜ. ನಾನು ಗಾಜಿನ ಆಚೆ ನಿಂತು ಜಪಮಾಲೆ ಹಿಡಿದುಕೊಂಡಿದ್ದೆ. ಅವನು ಒಂದು ತಂತಿಯನ್ನು ಬೆರಳಲ್ಲಿ ಮೀಟಿ, ನಕ್ಕು, ಪೆಟ್ಟಿಗೆ ಮುಚ್ಚಿ ಕೊಟ್ಟ.

ನಾನು ಬಡಪಾಯಿ ಮುದುಕನೊಬ್ಬನನ್ನು ನಿರೀಕ್ಷಿಸಿದ್ದೆ. ಬಂದವರದು ಬಿಳಿ ಕೋಟು, ಎಣ್ಣೆ ಹಾಕಿ ಬಾಚಿದ ಗುಂಗುರು ಕೂದಲು, ನಮಗಿಂತ ಎರಡು ಪಟ್ಟು ಕಪ್ಪು ಮೈಬಣ್ಣ, ಎದುರಿಗಿದ್ದವರೆಲ್ಲ ತಮ್ಮ ಕೈಕೆಳಗಿನವರೆಂಬ ಗತ್ತು. ಮಾರನೆಯ ದಿನ ಅವರನ್ನು ಮಸ್ಕತ್ ಬಂದರಿಗೆ ಕರೆದುಕೊಂಡು ಹೋದೆವು. ಬಂದರಿನ ಎರಡು ಬದಿಯ ಬಂಡೆಗಳ ಮೇಲೆ ಪೋರ್ಚುಗೀಸರು ಕಟ್ಟಿಸಿದ ಎರಡು ಕೋಟೆಗಳಿವೆ. ಮುದುಕ ಸೊಂಟದ ಮೇಲೆ ಕೈಯಿಟ್ಟು ಎರಡನ್ನೂ ನೋಡಿ, ತಮ್ಮ ತಮಿಳು ಬೆರೆತ ಇಂಗ್ಲಿಷಿನಲ್ಲಿ ಹೇಳಿದರು: “ನಮ್ಮ ಜನ ಕಟ್ಟಿದ್ದು. ಇಷ್ಟು ವರ್ಷದ ಬಾಡಿಗೆ ಬಾಕಿ ಉಂಟು.”

ಮಗ ಹಿಂದಿನಿಂದ, “ಡ್ಯಾಡಿ, ಮೆಲ್ಲ ಹೇಳು. ವಿಸಿಟ್ ವೀಸಾ” ಅಂದ.

“ನನ್ನ ಮುತ್ತಜ್ಜನ ಮುತ್ತಜ್ಜ ಕ್ಯಾಪ್ಟನ್.”

“ಕ್ಯಾಪ್ಟನ್ ಹಡಗಿನಲ್ಲಿ ಡೋಲು ಬಾರಿಸುವ ಆಫ್ರಿಕಾದವರನ್ನೂ ತಂದಿದ್ದ, ಮಚಾನ್,” ಮಗ ನನಗೆ ಕಣ್ಣು ಹೊಡೆದ. “ಡ್ಯಾಡಿಯ ಕೂದಲು ನೋಡಿ ಹೇಳು, ನಾವು ಯಾವ ಡೆಕ್ಕಿನವರು ಅಂತ.”

ಮುದುಕ ಮಗನ ತಲೆಗೆ ಒಂದು ಬಿಟ್ಟರು. ಆದರೆ ಅಲ್ಲವೆನ್ನಲಿಲ್ಲ.

ಅಮ್ಮ ಅದೇ ವಾರ ಬಂದಿಳಿದರು, ಉಪ್ಪಿನಕಾಯಿ ಭರಣಿ, ಚಿಕ್ಕಪ್ಪ, ಮತ್ತು ಮುಚ್ಚಿದ ಬಾಯಿಯೊಂದಿಗೆ. ಬಾಯಿ ಮುಚ್ಚಿದ್ದು ತಂಗಿಯ ಸಲುವಾಗಿ. ಆ ಬಾಯಿ ಯಾವಾಗ ತೆರೆಯುತ್ತದೋ ಎಂದು ನಾನು ಅನ್ನ ಬಿಟ್ಟೆ. ಬೀಗರು ಮೊದಲ ಸಲ ಎದುರುಬದುರು ಕೂತದ್ದು ನಮ್ಮ ಊಟದ ಮೇಜಿನಲ್ಲಿ. ಮುದುಕನಿಗೆ ಕೊಂಕಣಿ ಬಾರದು, ಅಮ್ಮನಿಗೆ ತಮಿಳು ಬಾರದು, ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಆಗ ಅಮ್ಮ ನನ್ನ ಹೆಂಡತಿಗೆ ಕೊಂಕಣಿಯಲ್ಲಿ, ಮೇಜಿನ ಮೇಲೆ ಕುಲೆರ್ ಇಲ್ಲವಲ್ಲ, ಚಮಚ ತಾ ಎಂದರು. ಮುದುಕ ತಟ್ಟನೆ ತಲೆಯೆತ್ತಿದರು. ಅವರ ಮನೆಯ ಮುರುಕು ಪೋರ್ಚುಗೀಸಿನಲ್ಲೂ ಚಮಚಕ್ಕೆ ಅದೇ ಮಾತು. ಅವರು ಮೇಜನ್ನು ತಟ್ಟಿ ತಮ್ಮ ಮಾತು ಹೇಳಿದರು. ಅಮ್ಮ ಮೇಜ್ ಅಂದರು. ಅವರು ಕಿಟಕಿ ತೋರಿಸಿದರು. ಅಮ್ಮ ಜನೆಲ್ ಅಂದರು. ಅಮ್ಮ ಸೊಂಟದ ಚಾವಿ ಎತ್ತಿ ತೋರಿಸಿದರು. ಒಂದೇ ಮಾತು, ಬಾಯಿ ಮಾತ್ರ ಬೇರೆ. ಇಬ್ಬರೂ ಸಣ್ಣ ಮಕ್ಕಳ ಹಾಗೆ ಮನೆಯ ಸಾಮಾನುಗಳ ಮೇಲೆಲ್ಲ ಬೆರಳಿಟ್ಟರು.

ಆ ಸಂಜೆ ಅಮ್ಮ ನನ್ನ ಕಿವಿಯಲ್ಲಿ ಅಂದರು: “ಮನುಷ್ಯ ಒಳ್ಳೆಯವನು. ಆದರೆ ಊರಲ್ಲಿ ಕೇಳಿದರೆ ಗೋವಾದ ಕಡೆಯವರು ಅಂತ ಹೇಳುವ.”

ಅಷ್ಟೇ ನಮ್ಮ ಕೈಲಾದದ್ದು. ಚಮಚದವರೆಗೆ ನಾವು ಒಂದೇ ಕುಲ.

ಕಾಫ್ರಿನ್ಯಕ್ಕೆ ನಾಲ್ಕು ಜೋಡಿ ಬೇಕು. ಮದುಮಕ್ಕಳು, ನಾನು ಮತ್ತು ನನ್ನ ಹೆಂಡತಿ, ತಂಗಿಯ ಕ್ಲಿನಿಕ್ಕಿನ ಇಬ್ಬರು ನರ್ಸುಗಳು ಮತ್ತು ಅವರ ಗಂಡಂದಿರು. ಸೋಫಾಗಳನ್ನು ಮಲಗುವ ಕೋಣೆಗೆ ತಳ್ಳಿ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಅಭ್ಯಾಸ. ಮುದುಕ ಕಿಟಕಿಯ ಬದಿ ನಿಂತು ನುಡಿಸುತ್ತಿದ್ದರು. ಜೋಡಿಗಳು ಎದುರುಬದುರು ನಿಂತು ಬಾಗಬೇಕು, ದಾಟಬೇಕು, ಎದುರಿನವರ ಕೈ ಹಿಡಿದು ಸುತ್ತಿ ತಮ್ಮ ಜಾಗಕ್ಕೆ ಮರಳಬೇಕು. ಮೊದಲು ನಿಧಾನ, ಆಮೇಲೆ ಬೆಳೆಯುತ್ತ ಹೋಗುತ್ತದೆ. ಕೇಳಲಿಕ್ಕೆ, ಸತ್ಯ ಹೇಳಬೇಕೆಂದರೆ, ಬೈಲಾದ ಹಾಗೆಯೇ. ಅದೇ ಕುಲುಕು, ಅದೇ ಕಾಲು ಕುಣಿಸುವ ತಾಳ. ನಾನು ಹಾಗೆಂದು ಬಾಯಿಬಿಟ್ಟೆ. ಮುದುಕ ಕಮಾನನ್ನು ಕೆಳಗಿಳಿಸಿದರು.

“ಬೈಲಾ ಇದರ ಪೋಲಿ ಮಗ. ಮನೆ ಬಿಟ್ಟು ಓಡಿದವ. ನೀವು ಮಂಗಳೂರಿನವರು ಅವನನ್ನು ಹಿಡಿದುಕೊಂಡು ಕೋಳಿ ಓಡಿಸುವ ಹಾಗೆ ಕುಣಿಯುತ್ತೀರಿ. ಇದು ತಾಯಿ. ಇದಕ್ಕೆ ಬೆನ್ನು ನೆಟ್ಟಗಿರಬೇಕು. ನಿಮ್ಮದು ಎಲ್ಲಿ ಉಂಟು ಬೆನ್ನು?”

“ಆಫೀಸಿನಲ್ಲಿ ಬಿಟ್ಟು ಬಂದಿದ್ದಾರೆ ಅಂಕಲ್,” ನನ್ನ ಹೆಂಡತಿ ಅಂದಳು.

ಮುದುಕ ಮೊದಲ ಸಲ ನಕ್ಕರು. ಆಮೇಲೆ ಕಮಾನಿನಿಂದ ತಂಗಿಯನ್ನು ತೋರಿಸಿ ಕೊನೆಯ ಭಾಗ ವಿವರಿಸಿದರು. ಕೊನೆಯಲ್ಲಿ ಉಳಿದ ಮೂರು ಜೋಡಿಗಳು ಬದಿಗೆ ಸರಿಯಬೇಕು. ಮದುಮಕ್ಕಳು ಕೈ ಹಿಡಿದು ಪಿಟೀಲಿನವನ ಎದುರಿಗೆ ಬಂದು ತಲೆ ಬಾಗಬೇಕು. ಪಿಟೀಲು ಆಗ ತಾನಾಗಿ ನಿಲ್ಲುತ್ತದೆ. “ಪಾದ್ರಿ ಮಾಡುವುದು ದೇವರ ಲೆಕ್ಕಕ್ಕೆ. ನಮ್ಮ ಮನೆಯ ಲೆಕ್ಕದಲ್ಲಿ, ಹುಡುಗಿ ಹೀಗೆ ತಲೆ ಬಾಗಿದ ಮೇಲೆ ಮಗಳು, ಹುಡುಗ ಮಗ. ನನ್ನ ಹೆಂಡತಿ ನನ್ನ ಅಪ್ಪನ ಎದುರು ಬಾಗಿದ್ದಳು. ನನ್ನ ಮಗಳದ್ದು ಆಗಲಿಲ್ಲ. ಅವಳ ಗಂಡ ಈಗಲೂ ನನಗೆ ಸಾರ್ ಅನ್ನುತ್ತಾನೆ.”

ತಂಗಿ ಆ ಬಾಗುವುದನ್ನು ಬೇರೆ ಎಲ್ಲದಕ್ಕಿಂತ ಹೆಚ್ಚು ಅಭ್ಯಾಸ ಮಾಡಿದಳು. ಅಡಿಗೆಮನೆಯಲ್ಲಿ ಅಕ್ಕಿ ತೊಳೆಯುತ್ತ, ಯಾರೂ ನೋಡುವುದಿಲ್ಲವೆಂದುಕೊಂಡು, ಫ್ರಿಜ್ಜಿನ ಎದುರು ಒಂದು ಕಾಲು ಹಿಂದಿಟ್ಟು ಬಾಗುತ್ತಿದ್ದಳು. ನಾನು ನೋಡಿ ಕೇಳಿದೆ: “ಫ್ರಿಜ್ಜಿಗೂ ಸೊಸೆಯಾದೆಯಾ?”

“ಅಣ್ಣಾ, ಬೇಕಾದರೆ ಬೇರೆ ಏನೂ ಸರಿಯಾಗದಿರಲಿ,” ಅಂದಳು. “ಇದೊಂದು ಸರಿಯಾಗಲಿ. ಎಷ್ಟು ದೂರದಿಂದ ಆ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದಾರೆ.”

ಅವಳ ಈ ಮಾತನ್ನು ದೇವರು ತಿರುಗಿಸಿ ಕೇಳಿಸಿಕೊಂಡನೋ ಏನೋ. ಬೇರೆ ಎಲ್ಲವೂ ಸರಿಯಾಯಿತು.

ಶುಕ್ರವಾರ ಬೆಳಿಗ್ಗೆ ಇಗರ್ಜಿಯಲ್ಲಿ ಮದುವೆ. ಮಧ್ಯಾಹ್ನ ಹೊಟೇಲಿನ ಹಾಲಿನಲ್ಲಿ ಔತಣ. ಕೇಕು ಕರಗಲಿಲ್ಲ. ಎಸಿ ಎಷ್ಟು ಚೆನ್ನಾಗಿ ಓಡಿತೆಂದರೆ ಹೆಂಗಸರು ಸೆರಗು ಹೊದ್ದುಕೊಂಡರು. ಮದುಮಗ ಮಾತ್ರ ಒಳಗೆ ಬರುತ್ತಲೇ ಮೇಲೆ ನೋಡಿ, ಕಂಪ್ರೆಸ್ಸರಿನ ಸದ್ದು ಕೇಳಿಸಿಕೊಂಡು, ತೃಪ್ತಿಯಿಂದ ತಲೆಯಾಡಿಸಿದ. ಜುಮ್ಮಾ ನಮಾಜು ಮುಗಿಸಿ ಕಫೀಲ್ ಬಂದರು, ದಿಶ್‌ದಾಶ ಎಂಬ ಬಿಳಿ ನಿಲುವಂಗಿ ತೊಟ್ಟು, ಊದಿನ ಪರಿಮಳ ಬೀರುತ್ತ. ಅವರನ್ನು ಬಾರಿನಿಂದ ಅತಿ ದೂರದ ಮೇಜಿನಲ್ಲಿ ಕೂರಿಸಿದೆ. ಟೋಸ್ಟ್ ಹೇಳಲು ನಿಂತ ಚಿಕ್ಕಪ್ಪನ ಕೈಯಲ್ಲಿದ್ದದ್ದು ಎರಡನೆಯ ಪೆಗ್ಗೋ ಮೂರನೆಯದೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅವರು ಜಾತಿಯ ಸೊಲ್ಲೆತ್ತಲಿಲ್ಲ. ಒಂದೇ ಸಮುದ್ರದ ಎರಡು ದಡದವರು ಇವತ್ತು ಮೂರನೆಯ ದಡದಲ್ಲಿ ಒಂದಾದರು ಎಂದು, ಎಲ್ಲರೂ ಗ್ಲಾಸು ಎತ್ತುವಷ್ಟು ಚೆಂದವಾಗಿ ಹೇಳಿದರು. ಮುದುಕ ಕೈಬೆರಳಿಂದ ಕಣ್ಣೊರಸಿಕೊಂಡರು.

ಆಮೇಲೆ ನಡೆದದ್ದನ್ನು ತಂಗಿಯ ಜೊತೆ ನಾನು ಇವತ್ತಿಗೂ ಮಾತಾಡಿಲ್ಲ. ಅವಳೂ ಗಂಡನೂ ಈಗ ಆಸ್ಟ್ರೇಲಿಯಾದಲ್ಲಿದ್ದಾರೆ. ಮುದುಕ ಊರಿಗೆ ಹಿಂತಿರುಗಿ ಕೆಲವು ವರ್ಷಗಳಲ್ಲಿ ತೀರಿಕೊಂಡರು. ತಂಗಿ ಅವರನ್ನು ಕೊನೆಯವರೆಗೂ ಅಂಕಲ್ ಅನ್ನುತ್ತಿದ್ದಳು, ಯಾಕೆಂದು ನಾನು ಕೇಳಲಿಲ್ಲ. ಯಾರನ್ನಾದರೂ ಬೈಯುವ ಹಾಗಿದ್ದರೆ ಮಾತಾಡಬಹುದಿತ್ತು. ಕುಡಿದವನೊಬ್ಬ ಗಲಾಟೆ ಮಾಡಿದ್ದರೆ, ಅಮ್ಮ ಮುಖ ತಿರುಗಿಸಿದ್ದರೆ, ಯಾರಾದರೂ ‘ಅರೆಜಾತಿ’ ಎಂದು ಪಿಸುಗುಟ್ಟಿದ್ದರೆ, ನಮಗೆ ಇಷ್ಟು ವರ್ಷ ಬೈದುಕೊಳ್ಳಲು ಒಂದು ಹೆಸರು ಸಿಗುತ್ತಿತ್ತು. ಒಬ್ಬರೂ ಸಿಗಲಿಲ್ಲ. ಎಲ್ಲರೂ ಒಳ್ಳೆಯವರಾಗಿಯೇ ಇದ್ದರು.

ನಿರೂಪಕರು ಮೈಕಿನಲ್ಲಿ ಸ್ಪಷ್ಟವಾಗಿಯೇ ಹೇಳಿದರು: ಈಗ ಮದುಮಕ್ಕಳ ಮೊದಲ ನೃತ್ಯ, ಪಿಟೀಲಿನಲ್ಲಿ ಮದುಮಗನ ತಂದೆ. ಚಪ್ಪಾಳೆಯಾಯಿತು. ಮೈಕಿನಲ್ಲಿ ಹೇಳಿದ್ದನ್ನು ಯಾರು ಕೇಳುತ್ತಾರೆ ಎಂಬುದು ಬೇರೆ ಮಾತು. ನಾವು ನಾಲ್ಕು ಜೋಡಿ ಎದುರುಬದುರು ನಿಂತೆವು. ಮುದುಕ ವೇದಿಕೆಯ ಮೇಲೆ ಪಿಟೀಲಿಗೆ ಗದ್ದ ಊರಿ, ಒಂದು ಕ್ಷಣ ಕಣ್ಣುಮುಚ್ಚಿ, ಕಮಾನೆಳೆದರು. ಅಷ್ಟು ದೊಡ್ಡ ಹಾಲಿನಲ್ಲಿ ಅದು ನಮ್ಮ ಫ್ಲ್ಯಾಟಿನಲ್ಲಿ ಕೇಳಿಸಿದ್ದಕ್ಕಿಂತ ತೆಳ್ಳಗೆ, ಒಂಟಿಯಾಗಿ ಕೇಳಿಸಿತು. ಬಾಗಿದೆವು. ನನ್ನ ಪ್ಯಾಂಟು ತಡೆಯಿತು. ದಾಟಿದೆವು. ಮಂಡಿಯೂ ತಡೆಯಿತು. ನನ್ನ ಜನ್ಮದಲ್ಲಿ ಅಷ್ಟು ನೆಟ್ಟಗೆ ನಾನು ನಿಂತವನಲ್ಲ. ಬ್ಯಾಂಡಿನ ಡ್ರಮ್ಮಿನವನು ಮೆಲ್ಲಗೆ ತಾಳ ಸೇರಿಸಿದ.

ತಾಳ ಸೇರಿತೋ ಇಲ್ಲವೋ, ಅಲ್ ಹೈಲ್‌ನ ಕಡೆಯವರ ಮೇಜಿನಲ್ಲಿ ಒಬ್ಬರು ಕುರ್ಚಿ ಹಿಂದೆ ಸರಿಸಿದರು.

ನಾನು ಎದುರಿನವರ ಕೈ ಹಿಡಿದು ಸುತ್ತಿ ಬರುವಷ್ಟರಲ್ಲಿ ಆ ಮೇಜು ಪೂರ್ತಿ ಎದ್ದಿತ್ತು. ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಸುತ್ತಿನಲ್ಲಿ ಸೀಬಿನವರು ಎದ್ದಿದ್ದರು. ಹೆಂಗಸರು ಪರ್ಸು ತೆಗೆದುಕೊಳ್ಳುತ್ತಿದ್ದರು, ಯಾರೋ ಮಗುವಿನ ಮೂಗೊರಸಿ ಬೂಟು ಹಾಕುತ್ತಿದ್ದರು. ಎಲ್ಲರ ಮುಖದಲ್ಲಿ ಸಂತೋಷ, ಕೆಲವರ ಭುಜಗಳು ತಾಳಕ್ಕೆ ಕುಲುಕುತ್ತಿದ್ದವು. ಆಗ ಗೊತ್ತಾಯಿತು. ಬೈಲಾ ಶುರುವಾಯಿತು, ಇನ್ನು ಊಟ. ಬೆಳಿಗ್ಗೆ ಇಗರ್ಜಿಯ ಪೂಜೆಯಿಂದ ಹಸಿದ ಹೊಟ್ಟೆ, ಎಷ್ಟೋ ಶುಕ್ರವಾರಗಳ ರೂಢಿ. ಯಾರೂ ಯೋಚಿಸಿ ಎದ್ದದ್ದಲ್ಲ. ಕಾಲುಗಳೇ ಎದ್ದವು.

ನಾನು ಕುಣಿತ ಬಿಟ್ಟು ಹೋಗಿ ಕೂರಿ ಎನ್ನುವ ಹಾಗಿರಲಿಲ್ಲ. ಹೋದರೆ ಜೋಡಿ ಒಡೆಯುತ್ತದೆ. ಸುತ್ತುತ್ತಿದ್ದೆ. ಪ್ರತಿ ಸುತ್ತಿಗೂ ಖಾಲಿ ಕುರ್ಚಿಗಳು ಹೆಚ್ಚಾಗುತ್ತಿದ್ದವು, ಗೋಡೆಯ ಬದಿಯ ಸಾಲು ಉದ್ದವಾಗುತ್ತಿತ್ತು. ನನ್ನ ಹೆಂಡತಿ ನನ್ನನ್ನು ದಾಟುವಾಗ ತುಟಿ ಅಲ್ಲಾಡಿಸದೆ, “ನೋಡಬೇಡಿ, ಕುಣಿಯಿರಿ” ಅಂದಳು. ತಂಗಿ ಆಗಲೇ ನೋಡಿಬಿಟ್ಟಿದ್ದಳು. ಅವಳ ಕಣ್ಣು ಮುದುಕನ ಮೇಲಿತ್ತು. ಮುದುಕನ ಕಣ್ಣು ಮುಚ್ಚಿತ್ತು. ಸಾಲಿನಲ್ಲಿ ತಟ್ಟೆಗಳು ಒಂದಕ್ಕೊಂದು ತಾಗುವ ಸದ್ದು ಶುರುವಾದಾಗ ಆ ಕಣ್ಣು ತೆರೆಯಿತು. ನುಡಿಸುವುದು ನಿಲ್ಲಲಿಲ್ಲ. ಇನ್ನೂ ನಿಧಾನವಾಯಿತು.

ವಿಡಿಯೋದವನ ದೊಡ್ಡ ಲೈಟು ನಮ್ಮ ಮೇಲಿಂದ ಸರಿದು ಊಟದ ಮೇಜಿನ ಕಡೆ ಹೋಯಿತು. ಆ ಕ್ಯಾಸೆಟ್ಟು ನನ್ನಲ್ಲಿದೆ. ಕಲ್ಲಂಗಡಿಯಲ್ಲಿ ಕೆತ್ತಿದ ಹಂಸ, ಬಿರಿಯಾನಿಯ ಹಬೆ, ಹಂದಿಮಾಂಸವಿಲ್ಲದ್ದಕ್ಕೆ ಯಾರದ್ದೋ ತಮಾಷೆ, ಇವುಗಳ ಹಿಂದೆ ಎಲ್ಲೋ ಒಂದು ಪಿಟೀಲು.

ಅಮ್ಮ ಕುಳಿತೇ ಇದ್ದರು, ಇದನ್ನು ನಾನು ಅವರ ಪರವಾಗಿ ಹೇಳಲೇಬೇಕು. ಆದರೆ ನೆಂಟರು ಖಾಲಿ ತಟ್ಟೆ ಹಿಡಿದು ನಿಂತಿದ್ದಾರೆ, ಹೊಟೇಲಿನವರು ಇನ್ನೂ ಪಾತ್ರೆಗಳ ಮುಚ್ಚಳ ತೆರೆದಿಲ್ಲ. ಹುಡುಗಿಯ ತಾಯಿ ಅದನ್ನು ನೋಡಿಕೊಂಡು ಎಷ್ಟು ಹೊತ್ತು ಕೂರಬಲ್ಲಳು? ಅವರು ಎದ್ದು ಹೋಗಿ ಮುಚ್ಚಳ ತೆಗೆಸಿದರು.

ಜನ ಏಳುವುದನ್ನು ನೋಡಿ, ಕಾರ್ಯಕ್ರಮ ಮುಗಿಯಿತೆಂದು ನನ್ನ ಕಫೀಲರೂ ಎದ್ದರು. ದೊಡ್ಡ ಮನುಷ್ಯರು, ಊಟಕ್ಕೆ ನಿಲ್ಲುವವರಲ್ಲ. ಆದರೆ ಹಿರಿಯರಿಗೆ ಶುಭ ಹೇಳದೆ ಹೊರಡುವವರೂ ಅಲ್ಲ. ನೇರವಾಗಿ ವೇದಿಕೆ ಹತ್ತಿ, ಮುದುಕನ ಎದುರು ನಿಂತು, ಎದೆ ಮುಟ್ಟಿಕೊಂಡು, ಬಲಗೈ ಚಾಚಿದರು. ಆ ಹಾಲಿನಲ್ಲಿ ಪಿಟೀಲಿಗೆ ಸಂದ ಒಂದೇ ಗೌರವ ಅದು. ಮುದುಕನ ಬಲಗೈಯಲ್ಲಿ ಕಮಾನಿತ್ತು. ವೀಸಾ ಕೊಟ್ಟ ಕೈ ಎದುರಿಗಿತ್ತು. ಮುದುಕ ಕಮಾನನ್ನು ಎಡಗೈಗೆ ಬದಲಾಯಿಸಿ ಕೈ ಕೊಟ್ಟರು.

ಡ್ರಮ್ಮಿನವನು ಇನ್ನೆರಡು ಏಟು ಹಾಕಿ ನಿಲ್ಲಿಸಿದ. ನಾವು ಎಂಟು ಜನ ಅರ್ಧ ಸುತ್ತಿನಲ್ಲಿ ಕೈ ಹಿಡಿದುಕೊಂಡು ನಿಂತೆವು. ಕೊನೆಯ ಭಾಗ, ಮದುಮಕ್ಕಳು ತಲೆ ಬಾಗುವುದು, ಇನ್ನೂ ಬಂದಿರಲಿಲ್ಲ. ಕಫೀಲ್ ಇಳಿದು ಹೋದ ಮೇಲೆ ಮುದುಕ ಕಮಾನನ್ನು ಮತ್ತೆ ಬಲಗೈಗೆ ತೆಗೆದುಕೊಂಡದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ನಿರೂಪಕರು ಗಡಿಬಿಡಿಯಿಂದ ಮೈಕಿಗೆ ಬಂದು, ಊಟದ ಪ್ರಾರ್ಥನೆ ಹೇಳಲು ಚಿಕ್ಕಪ್ಪನನ್ನು ಕರೆದರು. ಪ್ರಾರ್ಥನೆಗೆ ಎಲ್ಲರೂ ಇದ್ದಲ್ಲೇ ತಲೆ ತಗ್ಗಿಸಿದರು. ತಂಗಿ ತಗ್ಗಿಸಿದಳು, ಗೋಡೆಯ ಕಡೆ ಮುಖಮಾಡಿ ನಿಂತಲ್ಲೇ. ಮುದುಕನೂ ಪಿಟೀಲನ್ನು ಕಂಕುಳಲ್ಲಿಟ್ಟು, ಕಮಾನು ಹಿಡಿದ ಕೈಯಲ್ಲೇ ಶ್ರದ್ಧೆಯಿಂದ ಶಿಲುಬೆಯ ಗುರುತು ಮಾಡಿ, ತಮ್ಮ ಹಾಡನ್ನು ನಿಲ್ಲಿಸಿದ ಊಟವನ್ನು ದೇವರು ಆಶೀರ್ವದಿಸಲೆಂದು ಬೇಡಿಕೊಂಡರು. ಆಮೆನ್ ಅಂದರು.

ಆಗ ಅಮ್ಮ ಬಂದರು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿ, ಮೊದಲ ತಟ್ಟೆ ತಾವೇ ತುಂಬಿಸಿಕೊಂಡು, ಒಳ್ಳೆಯ ತುಂಡುಗಳನ್ನೇ ಆರಿಸಿ, ಮೇಲೊಂದು ಕುಲೆರ್ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ತಂದಿದ್ದರು. ಊರಿನಲ್ಲಿ ಅಮ್ಮ ಇಷ್ಟು ಮರ್ಯಾದೆ ಬಿಷಪ್ಪರಿಗೆ ಮಾಡಿದ್ದನ್ನು ಮಾತ್ರ ನಾನು ನೋಡಿದ್ದೇನೆ.

“ಮೊದಲು ಬೀಗರಿಗೆ,” ಅಂದರು. “ತಣ್ಣಗಾಗುತ್ತದೆ. ತಿನ್ನಿ.”

ಮುದುಕ ತಂಗಿಯ ಕಡೆ ಒಮ್ಮೆ ನೋಡಿದರು, ಅಮ್ಮನ ತಟ್ಟೆಯ ಕಡೆ ಒಮ್ಮೆ. ಆಮೇಲೆ ಪಿಟೀಲನ್ನು ಕುರ್ಚಿಯ ಮೇಲಿಟ್ಟು ತಟ್ಟೆ ತೆಗೆದುಕೊಂಡರು.